ಹನ್ನೆರಡು ನಿಮಿಷದ ಗೆಲುವು

ತೊಂಬತ್ತರ ದಶಕದಲ್ಲಿ ಸಾಲಾಗಿ ಮೋಟಾರು ರ್‍ಯಾಲಿಗಳನ್ನು ಗೆದ್ದ ಕಾರೊಂದರ ಚರಿತ್ರೆ ಬರೆಯುವ ಕೆಲಸವನ್ನು ಕಾರಿನ ಕಂಪನಿಯವರು ನನ್ನ ತಲೆಗೆ ಕಟ್ಟಿದ್ದರು. ಅದರ ಮೊದಲ ಗೆಲುವು ಬಿಳಿಗೆರೆಯ ತೋಟಗಳ ನಡುವೆ, ಹನ್ನೆರಡು ನಿಮಿಷದ ಅಂತರದಲ್ಲಿ. ಆ ಹನ್ನೆರಡು ನಿಮಿಷವನ್ನು ಹೊಗಳಿ ಹೊಗಳಿ ನನಗೇ ಸಾಕಾಗಿತ್ತು. ಜಾಗವನ್ನಾದರೂ ನೋಡೋಣವೆಂದು ಬಸ್ಸಿಳಿದು ಬಿಸಿಲಲ್ಲಿ ನಡೆದೆ. ದಾರಿ ಕವಲೊಡೆಯುವಲ್ಲಿ ತೋಟದ ಯಜಮಾನರು ಸಿಕ್ಕರು. ರ್‍ಯಾಲಿಯ ಮಾತೆತ್ತಿದೆ.

"ಓ, ಅದಾ? ಫಲ ಬಿಡೋ ತೆಂಗಿನ ಮರಕ್ಕೆ ದಾರಿ ತೋರ್ಸೋ ಬಾಣದ ಹಲಗೆ ಹೊಡೆದಿದ್ರು ಕಣ್ರೀ. ಅಂಥ ಮರಕ್ಕೆ ಯಾರಾದ್ರೂ ಮೊಳೆ ಹೊಡೀತಾರಾ? ಮೊದಲ್ನೇ ಕಾರು ಹೋಗಿದ್ದೇ ಕಿತ್ತು, ಎದುರಿನ ಬೇಲಿ ಕಂಬಕ್ಕೆ ಹೊಡೆದೆ."

ಆ ಮೊದಲನೇ ಕಾರೇ ನನ್ನ ಚರಿತ್ರೆಯ ಕಾರು.

"ಬಾಣ ಯಾವ ಕಡೆ ತಿರುಗಿತ್ತು?"

"ಅದನ್ಯಾರು ನೋಡಿದ್ರು? ಹಿಂದಿನ ಕಾರೆಲ್ಲಾ ಸೀದಾ ನಮ್ಮನೆ ಅಂಗಳಕ್ಕೇ ಬಂದ್ವು. ಎಲ್ರಿಗೂ ಎಳನೀರು ಕೆತ್ತಿ ಕೊಟ್ಟು, ದಾರಿ ಹೇಳಿ ಕಳಿಸ್ದೆ. ಮೊದಲ್ನೇ ಕಾರ್ನೋರು ಮಾತ್ರ ಪಾಪ, ಏನೂ ಕುಡೀದಂಗೆ ಹೋದ್ರು."

ನನಗೂ ಒಂದು ಕೆತ್ತಿ ಕೊಟ್ಟರು. ಕುಡಿದು, ಬಸ್ಸಿನ ದಾರಿ ಕೇಳಿಕೊಂಡು ಏಳುವಾಗ ವಾಚು ನೋಡಿದೆ. ಎಳನೀರಿಗೆ ಹಿಡಿದದ್ದು ಹೆಚ್ಚೂಕಮ್ಮಿ ಹನ್ನೆರಡು ನಿಮಿಷ. ಚಾಲಕನ ಕೈಚಳಕವೆಂದು ಬರೆದದ್ದನ್ನು ತಿದ್ದುವ ತ್ರಾಣ ನನಗಿರಲಿಲ್ಲ. ಪುಸ್ತಕದಲ್ಲಿ ಈಗಲೂ ಹಾಗೇ ಇದೆ.