ವೀಲ್‌ಚೇರ್‌ನಿಂದ ಎದ್ದು ಓಡಿದ್ದು

ಮಗಳಿಗೆ ಗಂಡು ಮಗುವಾಗಿದೆ ಎಂಬ ಫೋನು ಬಂದಾಗ ನಾನು ಕತಾರಿನ ಅಲ್ ವಕ್ರಾದ ನಮ್ಮ ಕೆಫೆಟೀರಿಯದಲ್ಲಿ ಕರಕ್ ಚಹಾ ಕಾಯಿಸುತ್ತಿದ್ದೆ. ಹೊರಗೆ ಕಾರಿನಲ್ಲಿ ಕೂತು ಹಾರ್ನ್ ಹೊಡೆಯುತ್ತಿದ್ದವರಿಗೆಲ್ಲ ಆ ದಿನ ಚಹಾ ಪುಕ್ಕಟೆ. ನಾನು ಅಜ್ಜನಾಗಿದ್ದೆ! ಮೊದಲ ಮೊಮ್ಮಗ!

ಮಗಳು, ಅಳಿಯ ಇದ್ದದ್ದು ಜರ್ಮನಿಯ ಒಂದು ಸಣ್ಣ ಊರಿನಲ್ಲಿ. "ಏಳನೇ ದಿನ ಮುಡಿ ತೆಗ್ದು ಹೆಸರಿಡುದು ಉಪ್ಪ. ಕಿವಿಯಲ್ಲಿ ಹೆಸ್ರು ಕರೀಲಿಕ್ಕೆ ನೀವೇ ಬರ್ಬೇಕು, ಬೇರೆ ಯಾರಿಗೂ ಬಿಡುದಿಲ್ಲ ನಾನು" ಎಂದಳು. ವೀಸಾ ಮೊದಲೇ ಆಗಿತ್ತು. ಸಿಕ್ಕಿದ ಟಿಕೆಟು ಮಾತ್ರ ಅದೇ ಏಳನೇ ದಿನದ್ದು. ನಡುವೆ ಒಂದು ದೊಡ್ಡ ಏರ್‌ಪೋರ್ಟಿನಲ್ಲಿ ಇಳಿದು ಸಣ್ಣ ವಿಮಾನ ಹತ್ತಬೇಕು. ಅದು ತಪ್ಪಿದರೆ ಮತ್ತಿನದು ಮರುದಿನ.

ನಾನು ಎರಡನೇ ಕ್ಲಾಸು ಕಲಿತವನು. ಮಗ ಟಿಕೆಟಿನಲ್ಲಿ ವೀಲ್‌ಚೇರ್ ಬರೆಸಿದ.

"ನನ್ನ ಕಾಲಿಗೆ ಎಂತ ಆಗಿದೆ ಮಾರಾಯ?"

"ಕಾಲಿಗೆ ಎಂತ ಇಲ್ಲ ಉಪ್ಪ. ಅಲ್ಲಿಯ ಬೋರ್ಡು ಓದ್ಲಿಕ್ಕೆ ನಿಮ್ಗೆ ಆಗುದಿಲ್ಲ. ನಮ್ಮ ಊರಿನ ಅಜ್ಜ-ಅಜ್ಜಿಯರೆಲ್ಲ ಹೀಗೇ ಹೋಗುದು. ಕೂತ್ರೆ ಅವರೇ ಮುಟ್ಟಿಸ್ತಾರೆ. ಏಳ್ಲಿಕ್ಕಿಲ್ಲ, ಆಯ್ತಾ?"

ಕೂತೆ. ನಡುವೆ ಇಳಿದ ಆ ಏರ್‌ಪೋರ್ಟೋ, ಒಂದು ಪಟ್ಟಣ! ಒಳಗೇ ರೈಲು, ಒಳಗೇ ಓಡುವ ನೆಲ. ಸಮವಸ್ತ್ರದ ಹೆಂಗಸೊಬ್ಬಳು ನನ್ನನ್ನು ತಳ್ಳಿಕೊಂಡು ಹೋಗಿ, ಕುರ್ಚಿಯಲ್ಲಿದ್ದ ಬೇರೆ ಮುದುಕರ ಸಾಲಿನಲ್ಲಿ ನಿಲ್ಲಿಸಿ, ಬೆರಳು ಆಡಿಸಿ ಏನೋ ಹೇಳಿ ಹೋದಳು. ಮತ್ತೆ ಬರಲೇ ಇಲ್ಲ. ಅಂಕಿ ನನಗೆ ಓದಲು ಬರುತ್ತದೆ. ಬೋರ್ಡಿಂಗ್ ಚೀಟಿಯಲ್ಲಿದ್ದ ಹೊತ್ತಿನ ಹತ್ತಿರ ಗೋಡೆಯ ಗಡಿಯಾರ ಬಂದೇಬಿಟ್ಟಿತು. ಅಲ್ಲಿ ಮಗುವಿನ ಕಿವಿ ಕಾಯುತ್ತಿದೆ, ಇಲ್ಲಿ ಗಟ್ಟಿಮುಟ್ಟು ಕಾಲೆರಡೂ ಕುರ್ಚಿಯಲ್ಲಿ ಕೂತಿವೆ!

ಎದ್ದೆ. ಖಾಲಿ ವೀಲ್‌ಚೇರ್ ತಳ್ಳಿಕೊಂಡು ಬರುತ್ತಿದ್ದ, ಅದೇ ಸಮವಸ್ತ್ರದ ಒಬ್ಬ ದಪ್ಪ ಮನುಷ್ಯ ಫೋನಿನಲ್ಲಿ ಅರಬಿ ಮಾತಾಡುತ್ತಿದ್ದ. ನನಗೆ ಹೋದ ಜೀವ ಬಂತು. ಮೊರಾಕೊದವನಂತೆ. ನಮ್ಮ ಕತಾರಿನ ಅರಬಿಗೂ ಅವನ ಅರಬಿಗೂ ಬಹಳ ದೂರ, ಆದರೂ ಸಲಾಂ ಹೇಳಿ ಚೀಟಿ ತೋರಿಸಿದೆ. ಅವನು ನನ್ನ ಕಾಲು ನೋಡಿದ, ನನ್ನ ಹಿಂದಿನ ಕುರ್ಚಿ ನೋಡಿದ.

"ಸುಬ್ಹಾನಲ್ಲಾಹ್! ಎದ್ದು ನಿಂತೇಬಿಟ್ಟೆಯಲ್ಲ ಹಾಜಿ! ಇದೆಂಥ ಪವಾಡ?"

"ಪವಾಡ ಅಲ್ಲ, ಮೊಮ್ಮಗ! ಇವತ್ತು ಹೆಸರಿಡುವುದು, ನಾನೇ ಕರೆಯಬೇಕು."

ಅವನು ಗಡಿಯಾರ ನೋಡಿದ. "ಕೂತುಕೋ, ತಳ್ಳುತ್ತೇನೆ."

"ಕೂತರೆ ತಡ. ಓಡುವ!"

"ಯಲ್ಲಾ ಹಾಜಿ!"

ನನ್ನ ಚೀಲವನ್ನು ಕುರ್ಚಿಯಲ್ಲಿ ಕೂರಿಸಿ ಇಬ್ಬರೂ ಓಡಿದೆವು. ಜನ ದಾರಿ ಬಿಟ್ಟು ನಿಂತು ನೋಡಿದರು. ಅರ್ಧ ದಾರಿಯಲ್ಲಿ ಅವನಿಗೇ ಏದುಸಿರು. "ಖಲಾಸ್! ಇನ್ನು ನಾನು ಕೂರುತ್ತೇನೆ, ನೀನು ತಳ್ಳು ಹಾಜಿ" ಎಂದ. ಗೇಟಿನ ಹುಡುಗಿ ಬಾಗಿಲು ಹಾಕುವುದರಲ್ಲಿದ್ದಳು. ಅವನು ಅವಳ ಭಾಷೆಯಲ್ಲಿ ಏನೆಂದನೋ, ನಗುತ್ತಾ ಒಳಗೆ ಬಿಟ್ಟಳು. ಅವನ ಕೈ ಹಿಡಿದು ದುವಾ ಹೇಳಲಿಕ್ಕೂ ಸರಿಯಾಗಿ ಆಗಲಿಲ್ಲ. ಈಗಲೂ ನಮಾಜಿನಲ್ಲಿ ಅವನಿಗಾಗಿ ಬೇಡುತ್ತೇನೆ.

ಆ ಸಣ್ಣ ವಿಮಾನ ಏರಿದ್ದೂ ಇಳಿದದ್ದೂ ಒಂದೇ. ಸಂಜೆಯ ಟ್ರಾಫಿಕ್ಕಿನಲ್ಲಿ ವಕ್ರಾದಿಂದ ಉಮ್ಮ್ ಸಲಾಲ್‌ಗೆ ಹೋಗುವಷ್ಟು ಹೊತ್ತೂ ಹಿಡಿಯಲಿಲ್ಲ. ಕೊಟ್ಟ ಜ್ಯೂಸು ಕೈಯಲ್ಲೇ ಇತ್ತು.

ಮನೆ ಮುಟ್ಟಿದಾಗ ಹೊತ್ತು ಮುಳುಗಿರಲಿಲ್ಲ. ಮಗಳು ಮಗುವನ್ನು ನನ್ನ ಕೈಗೆ ಕೊಟ್ಟಳು. ಬಾಗಿ ಹೆಸರು ಕರೆದೆ. ಸಂತೋಷದಲ್ಲಿ ಸ್ವರ ಎಷ್ಟು ದೊಡ್ಡದಾಯಿತೆಂದರೆ ಮಗು ಬೆಚ್ಚಿ ಅಳಲಿಕ್ಕೆ ಹಿಡಿಯಿತು.

"ಉಪ್ಪ, ಮೆಲ್ಲ! ಅವ ಇಲ್ಲೇ ಇದ್ದಾನೆ!" ಮಗಳು ನಗುತ್ತಲೇ ಕಣ್ಣೊರೆಸಿಕೊಂಡಳು.

ಮತ್ತೊಮ್ಮೆ ಮೆಲ್ಲಗೆ ಕರೆದೆ. ಅಳು ನಿಂತಿತು. ಅಷ್ಟು ಸಾಕಿತ್ತು. ನಾನು ಮಾತ್ರ ಕರೆಯುತ್ತಲೇ ಇದ್ದೆ.