ಕರಿಕೋಳಿಯ ಕಾವಲು

ಹುಣಸೂರಿನ ಆ ಪೊಲೀಸ್ ದಫೇದಾರರ ಹೆಸರು ನಮ್ಮೂರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೆಂಪು ಪೇಟ, ಬಿಗಿದ ತುಟಿ. ಮುಜುಗರವಾದಾಗ ಮಾತ್ರ ಎಡಗಿವಿಯನ್ನು ಉಜ್ಜಿಕೊಳ್ಳುತ್ತಿದ್ದರು.

ಆ ವರ್ಷ ಊರಲ್ಲಿ ಇಲಿ ಬಿದ್ದವು. ಪ್ಲೇಗಿಗೆ ಹೆದರಿ ಎಲ್ಲರೂ ಹೊಲದ ಗುಡಿಸಲುಗಳಿಗೆ ಹೊರಟರು. ನನ್ನಜ್ಜಿ ಮಾತ್ರ ಹೊಸ್ತಿಲ ಮೇಲೆ ಕೂತುಬಿಟ್ಟಳು. ಅವಳ ಕರಿಕೋಳಿ ಕಾವಿಗೆ ಕೂತಿತ್ತು.

“ಕಾವು ಕೂತಿರೋಳ್ನ ಬುಟ್ಟು ನಾ ಬರಾಕಿಲ್ಲ. ಬೇಕಾರೆ ಹೊತ್ಕೊಂಡೋಗಿ ಸ್ವಾಮಿ.”

ಹೊತ್ತೊಯ್ಯಲು ಹುಕುಮೂ ಇತ್ತು. ಊರು ಖಾಲಿ ಮಾಡಿಸಲು ಬಂದಿದ್ದ ದಫೇದಾರರು ಪೇಟ ತೆಗೆದು ಅವಳ ಪಕ್ಕ ಕೂತರು.

“ನೀ ಹೋಗವ್ವ. ಕಾಳು, ನೀರು ದಿನಾ ನಾ ಹಾಕ್ತೀನಿ.”

ಅಜ್ಜಿ ಎದ್ದಳು. ಅಂದಿನಿಂದ ಪ್ರತಿ ಬೆಳಗ್ಗೆ ಅವರು ಖಾಲಿ ಊರನ್ನು ಸುತ್ತಿ ಬರುತ್ತಿದ್ದರು. ತಾನೇ ಸೋಂಕು ತಂದೇನೆಂದು ಗುಡಿಸಲ ಹತ್ತಿರ ಸುಳಿಯದೆ, ದೂರದ ಬದುವಿನ ಮೇಲೆ ನಿಂತು ಕೂಗುತ್ತಿದ್ದರು: “ಚೆಂದಾಗವ್ಳೆ ಕಣವ್ವ, ನೀ ಅಲ್ಲೇ ಇರು!” ಮರಿಯಾದ ಸುದ್ದಿಯೂ ಬದುವಿನಿಂದಲೇ ಬಂತು. ನೋಡಿಬರಲು ಅಜ್ಜಿ ಹೊರಟಾಗಲೆಲ್ಲ ಲಾಠಿ ಅಡ್ಡ ಹಿಡಿಯುತ್ತಿದ್ದರು.

ಎರಡು ತಿಂಗಳ ಮೇಲೆ ನಾವು ಮನೆಗೆ ಮರಳಿದಾಗ, ಅವರು ಜಗಲಿಯ ಮೇಲೆ ಕವುಚಿದ್ದ ಮಂಕರಿಯನ್ನು ಎತ್ತಿದರು. ಎಳೆಮರಿಗಳನ್ನು ಕಟ್ಟಿಕೊಂಡು ಒಂದು ಕೆಂಪು ಕೋಳಿ ಹೊರಬಂತು. ನಾವು ಊರು ಬಿಟ್ಟ ವಾರದಲ್ಲೇ ಕರಿಕೋಳಿಯನ್ನು ಕಾಡುಬೆಕ್ಕು ಹೊತ್ತೊಯ್ದಿತ್ತೆಂದು ಆಮೇಲೆ ತಿಳಿಯಿತು.

“ನಿಮ್ದು ಕರೀದಲ್ವಾ?” ಎಂದಳು ಪಕ್ಕದ ಮನೆಯವಳು.

ದಫೇದಾರರ ಕೈ ಎಡಗಿವಿಗೆ ಹೋಯಿತು. ಅಜ್ಜಿ ಕೋಳಿಯನ್ನು ನೋಡಿದಳು, ಅವರ ಮುಖವನ್ನು ನೋಡಿದಳು.

“ನಮ್ದೇ ಕಣಪ್ಪ,” ಎಂದಳು, “ಬಿಸಿಲಿಗೆ ಬಣ್ಣ ತಿರುಗೈತೆ, ಅಷ್ಟೇಯ.”