ದೋಣಿಗೆ ಮೈಲಿಗೆ ಇಲ್ಲೆ

ಆ ಭಟ್ಟರ ನೆನಪಾದರೆ ನನಗೆ ಈಗಲೂ ಮೈ ಉರಿಯುತ್ತದೆ. ಅವರು ತೀರಿಹೋಗಿ ಎಷ್ಟೋ ವರ್ಷವಾಯಿತು, ಇನ್ನಾದರೂ ಬಿಡು ಎನ್ನುತ್ತಾರೆ ಮನೆಯವರು. ಯಾಕೆ ಬಿಡಬೇಕು? ನನ್ನ ಅಣ್ಣನನ್ನು ಅವರು ಬಿಟ್ಟರೇನು?

ಗೋವೆ ಬಿಡುಗಡೆಯಾಗಿ ಒಂದೆರಡು ವರ್ಷವಾಗಿತ್ತು. ನಮ್ಮ ಮನೆ ಬೇಡ್ತಿ ಹೊಳೆಯ ಯಲ್ಲಾಪುರದ ಕಡೆ, ಪುರೋಹಿತ ಭಟ್ಟರ ಮನೆ ಶಿರಸಿಯ ಕಡೆ. ನಡುವೆ ದೋಣಿ ದಾಟಬೇಕು. ಅಣ್ಣಯ್ಯ ನೌಕಾಸೈನ್ಯದಲ್ಲಿದ್ದ. ಸೈನಿಕರನ್ನು ಸಣ್ಣ ದೋಣಿಗಳಲ್ಲಿ ಒಯ್ದು ದಡಕ್ಕೆ ಇಳಿಸುವ ತುಕಡಿ ಅವನದು. ಆ ದೋಣಿಯ ತಳ ಚಪ್ಪಟೆ, ಎದುರಿನ ಗೋಡೆಯೇ ಬಾಗಿಲಾಗಿ ಮುಂದಕ್ಕೆ ಬೀಳುತ್ತದಂತೆ. ಉಳಿದವರೆಲ್ಲ ಧುಮುಕಿ ಓಡಿದರೂ ದೋಣಿ ನಡೆಸುವವ ಇಳಿಯುವಂತಿಲ್ಲ. ತೆರೆ ಎಷ್ಟೇ ಬಡಿಯಲಿ, ದೋಣಿಯ ಮೂತಿಯನ್ನು ಮರಳಿಗೆ ಒತ್ತಿ ಹಿಡಿದು ನಿಂತಿರಬೇಕು; ಇಳಿಸಿದವರನ್ನು ಹತ್ತಿಸಿಕೊಂಡೇ ಹೊರಡಬೇಕು. ಹಾಗೆ ನಿಂತಿದ್ದಾಗ ಬಾಗಿಲಿನ ಸರಪಳಿಗೆ ಸಿಕ್ಕಿ ಅವನ ಎಡಗೈ ಮುರಿಯಿತು. ಸರಿಯಾಗಿ ಕೂಡಲಿಲ್ಲ, ಮನೆಗೆ ಕಳಿಸಿದರು.

ಬರುವಷ್ಟರಲ್ಲಿ ಅಪ್ಪಯ್ಯ ಇರಲಿಲ್ಲ. ನಾವು ಕೊಟ್ಟ ತಂತಿ ಬಂದರಿನಿಂದ ಬಂದರಿಗೆ ಅಲೆದು ಅವನ ಕೈ ಸೇರಿದ್ದು ಎಲ್ಲ ಮುಗಿದ ಮೇಲೆ. ಕೊನೆಯ ದಿನಗಳಲ್ಲಿ ಬಾಗಿಲು ಕಿರ್ರೆಂದರೆ ಸಾಕು, ದೊಡ್ಡವ ಬಂದನೇ ಎಂದು ಅಪ್ಪಯ್ಯ ಕೇಳುತ್ತಿದ್ದರು. ಕರ್ಮವನ್ನೆಲ್ಲ ತಮ್ಮನೇ ಮಾಡಿದ. ವರ್ಷದ ಶ್ರಾದ್ಧಕ್ಕಾದರೂ ತನ್ನ ಕೈಯಿಂದ ಅಪ್ಪಯ್ಯನಿಗೆ ಒಂದು ಬೊಗಸೆ ಎಳ್ಳುನೀರು ಬಿಡಬೇಕು ಎಂಬುದೊಂದೇ ಅಣ್ಣಯ್ಯನಿಗಿದ್ದ ಆಸೆ. ಆಯಿ, ನಮ್ಮ ತಾಯಿ, ಅದಕ್ಕೇ ಕಾದುಕೊಂಡಿದ್ದಳು.

ಭಟ್ಟರು ಸುತರಾಂ ಒಪ್ಪಲಿಲ್ಲ. ಸಮುದ್ರ ದಾಟಿದವ, ಕಂಡಕಂಡವರ ಸಂಗಡ ಉಂಡವ. ಪ್ರಾಯಶ್ಚಿತ್ತ ಆಗುವವರೆಗೆ ಶ್ರಾದ್ಧಕ್ಕೆ ಕೂರುವಂತಿಲ್ಲ ಎಂದರು. ಹಾಗಾದರೆ ಪ್ರಾಯಶ್ಚಿತ್ತ ಮಾಡಿಸಿ ಎಂದರೆ ಈ ವರ್ಷ ಮುಹೂರ್ತವೇ ಇಲ್ಲವಂತೆ! ದೇಶಕ್ಕಾಗಿ ನೀರಿಗಿಳಿಯಲು ಮುಹೂರ್ತ ಕೇಳಿದ್ದನೇ ಅವನು? ನನ್ನ ತಮ್ಮ ನೆಲ ನೋಡುತ್ತ ನಿಂತಿದ್ದ. ಅಣ್ಣಯ್ಯ ಆಗಲಿ ಎಂದು ಎದ್ದುಹೋದ. ಅವನ ಆ ಸಮಾಧಾನ ಕಂಡರೂ ನನಗೆ ರೇಗುತ್ತಿತ್ತು.

ಶ್ರಾದ್ಧದ ದಿನ ಬೆಳಿಗ್ಗೆ ದೋಣಿಯ ಅಂಬಿಗನಿಗೆ ಜ್ವರ. ಹೊಳೆ ಇನ್ನೂ ಕೆಂಪಗೆ ತುಂಬಿತ್ತು. ದಾಟಿಸುವವರಿಲ್ಲದೆ ಭಟ್ಟರು ಬರುವುದು ಹೇಗೆ? ಅಣ್ಣಯ್ಯ ಯಾರನ್ನೂ ಕೇಳದೆ ಹೋಗಿ ಅವರನ್ನು ಕರೆತಂದ. ಮೊಣಕಾಲವರೆಗೆ ನೀರಿನಲ್ಲಿ ನಿಂತು ಮುರಿದ ಕೈಯಲ್ಲೇ ದೋಣಿಯನ್ನು ದಡಕ್ಕೆ ಒತ್ತಿ ಹಿಡಿದ. ಭಟ್ಟರು ಪಂಚೆಯ ಅಂಚೂ ನೆನೆಯದೆ ಇಳಿದರು. ಅವರ ಕಾಲು ತೊಳೆಯಲು ತಂಬಿಗೆ ಹಿಡಿದು ನಿಂತಿದ್ದ ನನಗೆ ತಡೆಯಲಾಗಲಿಲ್ಲ. ಅಣ್ಣಯ್ಯನ ದೋಣಿಯಲ್ಲಿ ಕೂತು ಬಂದಿರಲ್ಲ, ನಿಮಗೆ ಮೈಲಿಗೆಯಾಗಲಿಲ್ಲವೇ ಎಂದು ಕೇಳಿಯೇಬಿಟ್ಟೆ.

ಅವರು ನಕ್ಕರು. "ದೋಣಿಗೆ ಮೈಲಿಗೆ ಇಲ್ಲೆ, ಕೂಸೇ. ನೀರಿನ ಮೇಲೆ ಇಪ್ಪಷ್ಟು ಹೊತ್ತು ಅದೆಲ್ಲ ತಾಗ್ತಿಲ್ಲೆ."

ಎಷ್ಟು ಅನುಕೂಲದ ಶಾಸ್ತ್ರ ನೋಡಿ!

ಒಳಗೆ ಕಿರಿಯ ಮಗ ಪಿಂಡ ಇಡುತ್ತಿದ್ದಾಗ ಹಿರಿಯ ಮಗ ಹೊರಗೆ ಜಗಲಿಯಲ್ಲಿ ಕೂತು ಮಂತ್ರ ಕೇಳಿಸಿಕೊಂಡ. ಊಟಕ್ಕೂ ಅವನ ಬಾಳೆ ಜಗಲಿಯಲ್ಲೇ. ಆಯಿ ಬಡಿಸಿದಳು, ಅವನ ಎದುರಿಗೆ ಕೂತಳು. ಕೊನೆಗೆ ಹೆಂಗಸರೆಲ್ಲ ಉಂಡೆದ್ದರೂ ಅವಳು ಒಂದು ಅಗುಳನ್ನೂ ಮುಟ್ಟಲಿಲ್ಲ. ಹಸಿವಿಲ್ಲ ಎಂದಳು.

ಬಿಸಿಲು ಇಳಿಯುವ ಹೊತ್ತಿಗೆ ಭಟ್ಟರು ಹೊರಟರು. ಅವರು ಈಜಿಕೊಂಡಾದರೂ ಹೋಗಲಿ, ನೀನು ಮಾತ್ರ ಕದಲಬೇಡ ಎಂದು ಅಣ್ಣಯ್ಯನಿಗೆ ಹೇಳಿದೆ. ಅವನು ಅಷ್ಟರಲ್ಲೇ ಹುಟ್ಟು ಎತ್ತಿಕೊಂಡಿದ್ದ.

"ಆನು ಇಳಿಸಿದವರನ್ನ ಆನೇ ವಾಪಸ್ ಮುಟ್ಟಿಸವು," ಎಂದ.

ಸಿಟ್ಟು ತಡೆಯದೆ ನಾನೂ ದೋಣಿ ಹತ್ತಿ ಕೂತೆ.

ನಡುಹೊಳೆಯಲ್ಲಿ ಒಂದು ಬಂಡೆಯಿದೆ. ಸೆಳೆತ ಅದಕ್ಕೆ ಬಡಿದು ಎರಡೂ ಮಗ್ಗುಲಿಗೆ ಸೀಳಿಹೋಗುತ್ತದೆ, ಬಂಡೆಯ ಹಿಂದೆ ನೀರು ಸುಮ್ಮನಿರುತ್ತದೆ. ಅಣ್ಣಯ್ಯ ದೋಣಿಯನ್ನು ಆ ಸುಮ್ಮನಿರುವ ನೀರಿಗೆ ತಂದು, ಹಗ್ಗವನ್ನು ಬಂಡೆಗೆ ಬಳಸಿ ತುದಿಯನ್ನು ನನ್ನ ಕೈಗೆ ಕೊಟ್ಟ. ಜಗ್ಗಿ ಹಿಡಿ ಎಂದ. ಭಟ್ಟರು ದೋಣಿಯ ಎರಡೂ ಅಂಚುಗಳನ್ನು ಅವಚಿಕೊಂಡು, ಎಂತಕ್ಕೆ ನಿಲ್ಲಿಸಿದೆ ಎಂದು ಕೇಳಿದರು.

"ಅಪ್ಪಯ್ಯಂಗೆ ನೀರು ಬಿಡ್ತೆ," ಎಂದ ಅಣ್ಣಯ್ಯ. ದನಿ ಏರಲಿಲ್ಲ. "ದೋಣಿಗೆ ಮೈಲಿಗೆ ಇಲ್ಲೆ ಹೇಳಿ ನೀವೇ ಹೇಳಿದ್ದು. ಮಂತ್ರ ಹೇಳಿ, ಭಟ್ರೆ."

ಭಟ್ಟರು ಆಚೆ ದಡ ನೋಡಿದರು, ಈಚೆ ದಡ ನೋಡಿದರು. ಎಲ್ಲೂ ಯಾರೂ ಇರಲಿಲ್ಲ. ಅಣ್ಣಯ್ಯ ಆಗಲೇ ಜನಿವಾರವನ್ನು ಬಲ ಹೆಗಲಿಗೆ ಬದಲಿಸಿ ಬೊಗಸೆ ಒಡ್ಡಿದ್ದ. ಭಟ್ಟರು ಚೀಲ ಬಿಚ್ಚಿ ಮಿಕ್ಕಿದ್ದ ಎಳ್ಳು, ದರ್ಭೆ ತೆಗೆದರು. ಮಂತ್ರ ಶುರುಮಾಡಿದರು. ಅಪ್ಪಯ್ಯನ ಹೆಸರು, ಗೋತ್ರ ಹೇಳಿ ಅಣ್ಣಯ್ಯ ನೀರು ಬಿಟ್ಟ. ಬಿಡುವಾಗ ಅತ್ತ. ಹಗ್ಗ ನನ್ನ ಅಂಗೈ ಕೊರೆಯುತ್ತಿತ್ತು; ಕಣ್ಣೊರೆಸಿಕೊಳ್ಳಲೂ ಕೈ ಖಾಲಿಯಿರಲಿಲ್ಲ.

ಆಚೆ ದಡದಲ್ಲಿ ಇಳಿದು ಭಟ್ಟರು ಒಂದೇ ಮಾತು ಹೇಳಿದರು. "ಇದನ್ನ ಯಾರಿಗೂ ಹೇಳಡಿ."

ಅಪ್ಪಯ್ಯನಿಗೆ ಮಗ ನೀರು ಬಿಟ್ಟದ್ದನ್ನು ಕದ್ದ ಮಾಲಿನ ಹಾಗೆ ಬಚ್ಚಿಡಬೇಕೇ? ಅಣ್ಣಯ್ಯ ತಲೆಯಾಡಿಸಿದ, ಸಾಯುವವರೆಗೂ ಆ ಮಾತು ಉಳಿಸಿಕೊಂಡ. ನಾನು ತಲೆಯಾಡಿಸಲಿಲ್ಲ. ಮನೆ ಮುಟ್ಟಿದವಳೇ ನೇರ ಅಡುಗೆಮನೆಗೆ ಹೋಗಿ ಆಯಿಗೆ ಹೇಳಿದೆ. ಯಾವ ಕೈಯಲ್ಲಿ ಬಿಟ್ಟ ಎಂದು ಕೇಳಿದಳು. ಎರಡೂ ಕೈ ಎಂದೆ. ಆಯಿ ಎದ್ದು, ತಣ್ಣಗಾಗಿದ್ದ ಅನ್ನವನ್ನು ಬಾಳೆಗೆ ಹಾಕಿಕೊಂಡು ಉಂಡಳು.